ಹಿಮ್ಮೇಳದ ಮಾತು

ಗಾಂಧಿ ಬಜಾರಿನ ಸುತ್ತಮುತ್ತಣ ಬಡಾವಣೆಗಳಿಗೆ ಸಂಗೀತದ ಊರೆಂಬ ಹೆಸರು ಇಂದು ನಿನ್ನೆಯದಲ್ಲ. 1905ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಯನ ಸಮಾಜ ಒಂದು ಕಡೆ. 1939ರಿಂದ ಶ್ರೀರಾಮನವಮಿಯ ಸಂಗೀತೋತ್ಸವವನ್ನು ನಡೆಸುತ್ತ ಬಂದಿರುವ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ ಇನ್ನೊಂದು ಕಡೆ. ಇವುಗಳ ನೆರಳಿನಲ್ಲಿ ಬೆಳೆದ ನಮ್ಮ ರಸಿಕವರ್ಗ ರಾಗದ ವಿಷಯದಲ್ಲಿ ಬಹು ಸೂಕ್ಷ್ಮವಾದ ಕಿವಿಯುಳ್ಳದ್ದು. ಆಲಾಪನೆಯ ಮೊದಲ ಒಂದೆರಡು ಸಂಚಾರಗಳಲ್ಲಿಯೇ ರಾಗವನ್ನು ಗುರುತಿಸಿ ಪಕ್ಕದವರ ಕಡೆ ತಿರುಗಿ ತಲೆದೂಗುವವರು ನಮ್ಮಲ್ಲಿ ನೂರಾರು ಮಂದಿ ಇದ್ದಾರೆ. ಆದರೆ ಇದೇ ರಸಿಕವರ್ಗ ತನಿ ಆವರ್ತನ ಆರಂಭವಾದೊಡನೆ ಏನು ಮಾಡುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಅರ್ಧ ಸಭೆ ಎದ್ದು ಕಾಫಿಗೆ ನಡೆಯುತ್ತದೆ. ಮೃದಂಗ, ಘಟ, ಖಂಜರಿಗಳು ಒಂದನ್ನೊಂದು ಕೆಣಕಿ, ಒಂದಕ್ಕೊಂದು ಉತ್ತರ ಕೊಟ್ಟು, ಕೊನೆಗೆ ಒಟ್ಟಾಗಿ ಮೋರ ಕೋರ್ವೆಗಳನ್ನು ಮುಗಿಸಿ ಸಮಕ್ಕೆ ಬರುವ ಹೊತ್ತಿಗೆ ಕುರ್ಚಿಗಳು ಮತ್ತೆ ತುಂಬುತ್ತವೆ.

ಇದನ್ನು ನಾವು ಹಾಸ್ಯವಾಗಿ ಹೇಳಿಕೊಂಡು ಸುಮ್ಮನಾಗುತ್ತೇವೆ. ನನಗೆ ಇದು ಹಾಸ್ಯದ ವಿಷಯವಾಗಿ ಮಾತ್ರ ತೋರುವುದಿಲ್ಲ. ಶ್ರುತಿ ತಾಯಿ, ಲಯ ತಂದೆ ಎಂಬ ಮಾತನ್ನು ಸಂಗೀತದ ಮೊದಲ ಪಾಠದಲ್ಲಿಯೇ ಮಕ್ಕಳಿಗೆ ಹೇಳಿಕೊಡುವ ನಾವು, ಆ ತಂದೆ ಬಾಯಿ ತೆರೆದಾಗ ಹೊರಗೆ ಹೋಗುತ್ತೇವೆ. ನಮ್ಮ ಶಬ್ದಗಳೇ ಈ ಮನೋಭಾವಕ್ಕೆ ಸಾಕ್ಷಿ. ಮೃದಂಗ ನಮಗೆ ‘ಪಕ್ಕವಾದ್ಯ’. ಘಟ, ಖಂಜರಿ, ಮೋರ್ಚಿಂಗುಗಳು ‘ಉಪಪಕ್ಕವಾದ್ಯ’. ಯಕ್ಷಗಾನದಲ್ಲಿ ಚೆಂಡೆ ಮದ್ದಳೆಗಳಿರುವುದು ‘ಹಿಮ್ಮೇಳ’ದಲ್ಲಿ. ಪಕ್ಕ, ಉಪಪಕ್ಕ, ಹಿಂದೆ—ಲಯಕ್ಕೆ ನಾವು ಕೊಟ್ಟಿರುವ ಪೀಠಗಳು ಇವು. ಈ ಏರ್ಪಾಡನ್ನು ಪ್ರಶ್ನಿಸಿ, ವಾದದಿಂದಲ್ಲ, ಬಾಳಿನ ದುಡಿಮೆಯಿಂದ ಉತ್ತರ ಹೇಳಿದ ಒಬ್ಬ ಲಯವಿದ್ವಾಂಸರು ನಮ್ಮ ಬೆಂಗಳೂರಿನಲ್ಲಿಯೇ ಇದ್ದರು. ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರ ವಿಷಯವನ್ನೇ ಇಂದು ಬರೆಯಬೇಕೆಂದಿದ್ದೇನೆ. ಕರ್ಣಾಟಕ ಲಯವನ್ನೂ ಅಮೆರಿಕದ ಜಾಜ್ ಸಂಗೀತವನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿದವರು ಅವರು. ಆದರೆ ಅವರು ಮಾಡಿದ ಕೆಲಸದ ಬೆಲೆ ತಿಳಿಯಬೇಕಾದರೆ, ಅಂಥ ಕೂಟವೊಂದು ಅದಕ್ಕೆ ಮೊದಲೇ ನಡೆದ ಬೇರೊಂದು ನಾಡಿನ ಕಥೆಯನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಆಫ್ರಿಕದಿಂದ ಅಮೆರಿಕ ಖಂಡಗಳಿಗೆ ಗುಲಾಮರಾಗಿ ಸಾಗಿಸಲ್ಪಟ್ಟ ಜನ ಕೈಯಲ್ಲಿ ಏನನ್ನೂ ಒಯ್ಯಲಿಲ್ಲ. ಲಯವನ್ನು ಮಾತ್ರ ಮೈಯಲ್ಲಿ ಒಯ್ದರು. ಅದರ ಮುಂದಿನ ಗತಿ ಎಲ್ಲ ಕಡೆಯೂ ಒಂದೇ ಆಗಲಿಲ್ಲ. ಉತ್ತರ ಅಮೆರಿಕದ ದಕ್ಷಿಣ ಕ್ಯಾರೊಲಿನ ಪ್ರಾಂತ್ಯದಲ್ಲಿ 1739ರಲ್ಲಿ ಗುಲಾಮರ ದಂಗೆಯಾಯಿತು. ಮರುವರ್ಷ, 1740ರಲ್ಲಿ, ಗುಲಾಮರು ಡ್ರಮ್ಮು ಬಾರಿಸುವುದನ್ನು ಅಲ್ಲಿನ ಕಾನೂನು ನಿಷೇಧಿಸಿತು. ಡ್ರಮ್ಮಿನ ದನಿ ದೂರಕ್ಕೆ ಸುದ್ದಿ ಮುಟ್ಟಿಸಬಲ್ಲುದೆಂಬ ಭಯವೇ ಇದಕ್ಕೆ ಕಾರಣ. ನ್ಯೂ ಆರ್ಲಿಯನ್ಸಿನ ಕಾಂಗೋ ಚೌಕದಂಥ ಕೆಲವು ಸ್ಥಳಗಳನ್ನು ಬಿಟ್ಟರೆ ಆ ನಾಡಿನಲ್ಲಿ ಕೈಯಿಂದ ಬಾರಿಸುವ ಆಫ್ರಿಕದ ಡ್ರಮ್ಮು ಬಹುಮಟ್ಟಿಗೆ ಕಣ್ಮರೆಯಾಯಿತು. ಲಯ ಮಾತ್ರ ಚಪ್ಪಾಳೆಗೂ ಹೆಜ್ಜೆಗೂ ಹಾಡಿಗೂ ಹೊಕ್ಕು ಉಳಿಯಿತು. ಮುಂದೆ ಜಾಜ್ ಸಂಗೀತ ಹುಟ್ಟಿದಾಗ ಅದರ ಡ್ರಮ್ಮುಗಳು ಸೈನ್ಯದ ಬ್ಯಾಂಡುಗಳಿಂದ ಬಂದವು. ಹಲವರು ನುಡಿಸುತ್ತಿದ್ದ ಭೇರಿ ಮತ್ತು ತಾಳಗಳನ್ನು ಕಾಲೊತ್ತಿನ ಸಹಾಯದಿಂದ ಒಬ್ಬನೇ ಕುಳಿತು ನುಡಿಸುವಂತಾಯಿತು. ಕ್ಯೂಬಾ ದ್ವೀಪದಲ್ಲಿ ಕಥೆ ಬೇರೆ. ಅಲ್ಲಿ ಗುಲಾಮಗಿರಿ 1886ರವರೆಗೆ ಉಳಿದಿತ್ತಾದರೂ, ಒಂದೊಂದು ಆಫ್ರಿಕನ್ ಬುಡಕಟ್ಟಿನ ಜನ ‘ಕಬಿಲ್ಡೊ’ ಎಂಬ ಕೂಟಗಳನ್ನು ಕಟ್ಟಿಕೊಂಡು ತಮ್ಮ ದೈವಗಳನ್ನೂ ಆ ದೈವಗಳ ಡ್ರಮ್ಮುಗಳನ್ನೂ ಕಾಪಾಡಿಕೊಂಡರು. ಹೀಗೆ ಒಂದೇ ತಾಯಿಯ ಇಬ್ಬರು ಮಕ್ಕಳು ಸಮುದ್ರದ ಎರಡು ದಡಗಳಲ್ಲಿ ಒಬ್ಬರನ್ನೊಬ್ಬರು ಕಾಣದೆ ಬೆಳೆದರು.

ಅವರು ಮತ್ತೆ ಸಂಧಿಸಿದ್ದು ನ್ಯೂಯಾರ್ಕಿನಲ್ಲಿ. 1940ರಲ್ಲಿ ಮಾಚಿಟೊ ಎಂಬ ಕ್ಯೂಬಾದ ಗಾಯಕರು ‘ಆಫ್ರೋ-ಕ್ಯೂಬನ್ಸ್’ ಎಂಬ ವಾದ್ಯವೃಂದವನ್ನು ಕಟ್ಟಿದರು. ಅದರ ಸಂಗೀತ ನಿರ್ದೇಶಕರಾಗಿದ್ದ ಮಾರಿಯೊ ಬೌಜಾ ಅವರು ಜಾಜ್ ತುತ್ತೂರಿಯ ಮಹಾವಿದ್ವಾಂಸರಾದ ಡಿಜಿ ಗಿಲೆಸ್ಪಿಯವರಿಗೆ ಹವಾನದಿಂದ ಬಂದ ಚಾನೊ ಪೋಜೋ ಎಂಬ ಕಾಂಗ ವಾದಕರನ್ನು ಪರಿಚಯ ಮಾಡಿಸಿದರು. ಕಾಂಗವೆಂದರೆ ಉದ್ದನೆಯ ಪೀಪಾಯಿಯ ಆಕಾರದ, ಒಂದೇ ಮುಖಕ್ಕೆ ಚರ್ಮ ಬಿಗಿದ, ಅಂಗೈ ಬೆರಳುಗಳಿಂದ ನುಡಿಸುವ ಡ್ರಮ್ಮು. 1947ರ ಸೆಪ್ಟೆಂಬರಿನಲ್ಲಿ ಕಾರ್ನೆಗಿ ಸಭಾಂಗಣದಲ್ಲಿ ಗಿಲೆಸ್ಪಿಯವರ ವಾದ್ಯವೃಂದದೊಡನೆ ಪೋಜೋ ನುಡಿಸಿದರು. ಅದೇ ಡಿಸೆಂಬರಿನಲ್ಲಿ ‘ಮಾಂಟೆಕ’ ಎಂಬ ಕೃತಿ ಧ್ವನಿಮುದ್ರಿತವಾಯಿತು. ಪೋಜೋ ಅವರಿಗೆ ಸ್ವರಲಿಪಿ ಬರುತ್ತಿರಲಿಲ್ಲ. ಒಂದೊಂದು ವಾದ್ಯದ ಭಾಗವನ್ನೂ ಅವರು ಬಾಯಿಯಲ್ಲಿ ಹಾಡಿ ತೋರಿಸಿದರು, ಬಲ್ಲವರು ಬರೆದುಕೊಂಡರು. ರಚನಕಾರರ ಹೆಸರುಗಳಲ್ಲಿ ಪೋಜೋ ಅವರ ಹೆಸರೂ ಇದೆ ಎಂಬುದು ನೆನಪಿಡತಕ್ಕ ಸಂಗತಿ. ಮರುವರ್ಷ, 1948ರ ಡಿಸೆಂಬರಿನಲ್ಲಿ, ಇನ್ನೂ 33ರ ಪ್ರಾಯದಲ್ಲಿ, ಅವರು ಹಾರ್ಲೆಮಿನಲ್ಲಿ ಗುಂಡೇಟಿಗೆ ಬಲಿಯಾದರು. ಗಿಲೆಸ್ಪಿಯವರೊಡನೆ ಅವರು ನುಡಿಸಿದ್ದು ಒಂದು ವರ್ಷಕ್ಕಿಂತ ಸ್ವಲ್ಪವೇ ಹೆಚ್ಚು ಕಾಲ. ಅಷ್ಟರಲ್ಲಿ ಒಂದು ಹೊಸ ಮಾರ್ಗವೇ ಹುಟ್ಟಿತ್ತು. ಆ ಮಾರ್ಗದಲ್ಲಿ ಮುಂದೆ ನಡೆದ ಟಿಟೊ ಪುಯೆಂಟೆ ಎಂಬ ಡ್ರಮ್ಮು ವಾದಕರು, ಅದುವರೆಗೆ ವಾದ್ಯವೃಂದದ ಹಿಂದೆ ಇರುತ್ತಿದ್ದ ತಮ್ಮ ಟಿಂಬಾಲೆ ಡ್ರಮ್ಮುಗಳನ್ನು ವೇದಿಕೆಯ ಮುಂಭಾಗಕ್ಕೆ ತಂದು, ನಿಂತು ನುಡಿಸಿದರು. ಹಿಮ್ಮೇಳ ಮುಮ್ಮೇಳವಾಯಿತು.

ಈ ಬೆರಕೆ ಸುಲಭವಾಗಿ ಆಯಿತೆಂದು ಯಾರೂ ತಿಳಿಯಬಾರದು. ಪೋಜೋ ಅವರ ಸಮ ಒಂದು ಕಡೆ, ವಾದ್ಯವೃಂದದ ಸಮ ಇನ್ನೊಂದು ಕಡೆ ಬೀಳುತ್ತಿದ್ದುದನ್ನು ಗಿಲೆಸ್ಪಿಯವರೇ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಇದು ಏಕೆ ಆಯಿತೆಂಬುದನ್ನು ನಮ್ಮ ಸಂಗೀತದ ವಿದ್ಯಾರ್ಥಿಗಳು ಇತರರಿಗಿಂತ ಬೇಗ ತಿಳಿದುಕೊಳ್ಳಬಲ್ಲರು. ಕ್ಯೂಬಾದ ಸಂಗೀತಕ್ಕೆ ‘ಕ್ಲಾವೆ’ ಎಂಬ ಒಂದು ಮೂಲವಿನ್ಯಾಸವಿದೆ. ಆ ಸ್ಪ್ಯಾನಿಷ್ ಮಾತಿಗೆ ಕೀಲಿ ಎಂದರ್ಥ. ಎರಡು ಗಟ್ಟಿ ಮರದ ಕೋಲುಗಳನ್ನು ಒಂದಕ್ಕೊಂದು ತಟ್ಟಿ ಅದನ್ನು ನುಡಿಸುತ್ತಾರೆ. ಹದಿನಾರು ಮಾತ್ರೆಗಳಲ್ಲಿ ಐದು ಪೆಟ್ಟುಗಳು. ಪೆಟ್ಟುಗಳ ನಡುವಣ ಅಂತರ ಕ್ರಮವಾಗಿ 3, 3, 4, 2, 4. ನಮ್ಮ ಸೊಲ್ಲುಕಟ್ಟಿನಲ್ಲಿ ಹೇಳುವುದಾದರೆ: ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಆದಿತಾಳವನ್ನು ಎಣಿಕೆಗೆ ಎರಡು ಅಕ್ಷರದಂತೆ ಹಾಕುತ್ತ ಇದನ್ನು ಬಾಯಿಯಲ್ಲಿ ಹೇಳಿ, ಪ್ರತಿಯೊಂದು ಪದದ ಮೊದಲ ಅಕ್ಷರವನ್ನು ಮಾತ್ರ ಒತ್ತಿ ನೋಡಿ. ಮೊದಲ ಒತ್ತು ಲಘುವಿನ ಪೆಟ್ಟಿನ ಮೇಲೆಯೇ ಬೀಳುತ್ತದೆ. ಎರಡನೆಯದು ಕಿರುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಬೀಳುತ್ತದೆ. ಮೂರನೆಯದು ನಡುಬೆರಳಿನ ಮೇಲೆ. ಇನ್ನು ಮೊದಲ ದ್ರುತದ ಪೆಟ್ಟು ಬಂದಾಗ ಕ್ಲಾವೆ ಮೌನವಾಗಿರುತ್ತದೆ; ಆ ದ್ರುತದ ಬಿಡುವಿನ ಮೇಲೆ ನಾಲ್ಕನೆಯ ಒತ್ತು, ಎರಡನೆಯ ದ್ರುತದ ಪೆಟ್ಟಿನ ಮೇಲೆ ಐದನೆಯದು. ನಾವು ಕೈ ತಟ್ಟುವ ಕಡೆ ಮೌನ, ಕೈ ತಿರುವುವ ಕಡೆ ನುಡಿ. ಇದೇ ಅದರ ಕುಣಿತದ ಗುಟ್ಟು.

ಎರಡು ಪದ್ಧತಿಗಳ ವ್ಯತ್ಯಾಸವನ್ನೂ ಇಲ್ಲಿಯೇ ಕಾಣಬಹುದು. ನಮ್ಮಲ್ಲಿ ತಾಳವೆಂಬುದು ಕೈಯಲ್ಲಿ ಕಾಣುವ ಸಮವಾದ ಚೌಕಟ್ಟು. ಮೃದಂಗ ಅದರೊಳಗೆ ಎಷ್ಟು ಬಗೆಯಾಗಿ ಬೇಕಾದರೂ ಒಡೆದು ಕೂಡಿಸಿ ಆಡುತ್ತದೆ. ಕ್ಯೂಬಾದಲ್ಲಿ ಚೌಕಟ್ಟೇ ವಿಷಮವಾದದ್ದು. ಮಿಕ್ಕ ವಾದ್ಯಗಳೆಲ್ಲ ಆ ವಿಷಮವನ್ನು ಮುರಿಯದಂತೆ ಅದರ ಸುತ್ತ ಹೆಣೆದುಕೊಳ್ಳಬೇಕು. ಜಾಜಿನ ನಡೆ ಇನ್ನೊಂದು ಬಗೆ. ಅಲ್ಲಿ ಪ್ರತಿ ಎಣಿಕೆಯೂ ದೀರ್ಘ-ಹ್ರಸ್ವವಾಗಿ ಓಲಾಡುತ್ತದೆ; ನಮ್ಮ ಮಾತಿನಲ್ಲಿ ಅದು ತಿಶ್ರ ಗತಿಗೆ ಸಮೀಪ. ಕ್ಯೂಬಾದ ಈ ನಡೆಯೋ ನೇರವಾದ ಚತುರಶ್ರ. ಒಬ್ಬರು ತಿಶ್ರದಲ್ಲಿ ಓಲಾಡುತ್ತಿರಲು ಇನ್ನೊಬ್ಬರು ಚತುರಶ್ರದಲ್ಲಿ ನಡೆದರೆ ಆಗುವ ತಿಕ್ಕಾಟವೇ ಅವರ ಸಂಗೀತಕ್ಕೆ ಸವಾಲಾಯಿತು. ಸಮ ಎಲ್ಲಿದೆ ಎಂಬುದು ಇತ್ಯರ್ಥವಾದ ಮೇಲೆ ಅದೇ ಸೊಗಸೂ ಆಯಿತು. ಎರಡು ಸಂಗೀತಗಳು ನಿಜವಾಗಿ ಕೂಡಬೇಕಾದರೆ ಮೊದಲು ಸಮದ ವಿಷಯದಲ್ಲಿ ಒಪ್ಪಂದವಾಗಬೇಕು. ಆ ಒಪ್ಪಂದ ಆಗುವುದು ಲಯವಾದ್ಯಗಾರರ ಕೈಯಲ್ಲಿ. ನನ್ನ ಇಂದಿನ ಮಾತಿನ ತಿರುಳು ಇದೇ.

ಈಗ ಬೆಂಗಳೂರಿಗೆ ಬರೋಣ. ನಮ್ಮ ಊರೂ ಬಹುಕಾಲ ಎರಡಾಗಿತ್ತು: ಮೈಸೂರು ಸಂಸ್ಥಾನಕ್ಕೆ ಸೇರಿದ ಪೇಟೆ ಮತ್ತು ಅದರ ಬಡಾವಣೆಗಳು ಒಂದು; ಬ್ರಿಟಿಷರ ದಂಡು ಇನ್ನೊಂದು. 1949ರಲ್ಲಿ ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಬಂದವಾದರೂ ಕಿವಿಗಳು ಒಂದಾಗಲು ಇನ್ನೂ ಬಹುಕಾಲ ಹಿಡಿಯಿತು. ದಂಡಿನ ಕಡೆ ಬ್ಯಾಂಡು, ಪಿಯಾನೊ, ನೃತ್ಯದ ವಾದ್ಯಗಳು. ಬಸವನಗುಡಿ ಮಲ್ಲೇಶ್ವರಗಳ ಕಡೆ ತಂಬೂರಿ, ಪಿಟೀಲು, ಮೃದಂಗ. ನಡುವೆ ಇದ್ದದ್ದು ಕಬ್ಬನ್ ಪಾರ್ಕಿನಷ್ಟೇ ಅಂತರವಾದರೂ ಅದನ್ನು ದಾಟಿ ಬಂದು ಇನ್ನೊಂದು ಕಡೆಯ ಕಚೇರಿಯಲ್ಲಿ ಕುಳಿತವರು ಕಡಿಮೆ.

ಇಂಥ ಊರಿನಲ್ಲಿ 1964ರಲ್ಲಿ ಟಿ. ಎ. ಎಸ್. ಮಣಿಯವರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರಿನಲ್ಲಿಯೇ ಅವರ ಉದ್ದೇಶ ಸ್ಪಷ್ಟವಾಗಿದೆ. ಹಾಡುಗಾರಿಕೆಯ ಶಾಲೆಯ ಒಂದು ಮೂಲೆಯಲ್ಲಿ ಮೃದಂಗದ ಪಾಠವಲ್ಲ. ಲಯಕ್ಕಾಗಿಯೇ ಒಂದು ಶಾಲೆ. ಮೃದಂಗ, ಘಟ, ಖಂಜರಿ, ಮೋರ್ಚಿಂಗುಗಳೂ, ಇವೆಲ್ಲಕ್ಕೂ ಮೂಲವಾದ ಬಾಯಿಯ ವಿದ್ಯೆ ಕೊನ್ನಕ್ಕೋಲೂ ಅಲ್ಲಿ ಮುಖ್ಯ ಪಾಠಗಳಾದವು. ‘ತಾಳತರಂಗಿಣಿ’ ಎಂಬ ತಮ್ಮ ಲಯವಾದ್ಯ ವೃಂದದ ಮೂಲಕ ಮಣಿಯವರು ಪಕ್ಕವಾದ್ಯಗಳನ್ನು ಪಕ್ಕದಿಂದ ಎಬ್ಬಿಸಿ ವೇದಿಕೆಯ ನಡುವೆ ಕೂರಿಸಿದರು. ಅವರ ಧರ್ಮಪತ್ನಿ ವಿದುಷಿ ಆರ್. ಎ. ರಾಮಮಣಿಯವರು ಗಾಯಕಿಯಾಗಿಯೂ ರಚನಕಾರರಾಗಿಯೂ ಈ ಕಾರ್ಯದಲ್ಲಿ ಸಮಭಾಗಿಗಳು. ಹೆಂಗಸರ ಬಾಯಲ್ಲಿ ಅಪರೂಪವಾಗಿದ್ದ ಕೊನ್ನಕ್ಕೋಲು ವಿದ್ಯೆಯನ್ನು ಅವರು ಹಾಡಿನೊಡನೆ ಬೆಸೆದರು.

ಜಾಜ್ ಈ ಶಾಲೆಯನ್ನು ಹುಡುಕಿಕೊಂಡು ಬಂತು. 1978ರಲ್ಲಿ ಜರ್ಮನಿಯ ಮ್ಯೂನಿಕ್ಕಿನಿಂದ ಬಸ್ಸಿನಲ್ಲಿ ಹೊರಟು ನೆಲದ ಮಾರ್ಗವಾಗಿಯೇ ಭಾರತಕ್ಕೆ ಬಂದ ‘ಎಂಬ್ರಿಯೊ’ ಎಂಬ ತಂಡ ಇಲ್ಲಿನ ಕಲಾವಿದರೊಡನೆ ನುಡಿಸಿತು. ಆ ತಂಡದಿಂದ ಬೇರೆಯಾಗಿ ಹುಟ್ಟಿದ ‘ಡಿಸಿಡೆಂಟನ್’ 1982ರಲ್ಲಿ ಇದೇ ಸಂಸ್ಥೆಯೊಡನೆ ಒಂದು ಧ್ವನಿಮುದ್ರಿಕೆಯನ್ನು ಹೊರತಂದಿತು. ಇವೆಲ್ಲಕ್ಕಿಂತ ದೊಡ್ಡ ಗೆಳೆತನ ಚಾರ್ಲಿ ಮಾರಿಯಾನೊ ಅವರದು. ಬಾಸ್ಟನ್ ನಗರದಲ್ಲಿ 1923ರಲ್ಲಿ ಹುಟ್ಟಿದ ಈ ಸ್ಯಾಕ್ಸೊಫೋನ್ ವಿದ್ವಾಂಸರು ಅಮೆರಿಕದ ಹೆಸರಾಂತ ಜಾಜ್ ವೃಂದಗಳಲ್ಲಿ ನುಡಿಸಿದವರು. 1960ರ ದಶಕದಲ್ಲಿ ಮಲೇಷ್ಯಕ್ಕೆ ಹೋಗಿದ್ದಾಗ ಅಲ್ಲಿನ ದೇವಾಲಯದ ನಾದಸ್ವರವನ್ನು ಕೇಳಿ ಮನಸೋತು, ತುಂಬಿದ ಪ್ರಾಯದಲ್ಲಿ ಶಿಷ್ಯರಾಗಿ ಕುಳಿತು ಅದನ್ನು ಕಲಿತರು. ಅಂಥವರಿಗೂ ಮಣಿಯವರಿಗೂ ಸ್ನೇಹವಾದುದು ಸಹಜವೇ.

1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಎಂಬ ಊರಿನಲ್ಲಿ ಇವರೆಲ್ಲ ಸೇರಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು, ಇ.ಸಿ.ಎಂ. ಎಂಬ ಪ್ರಸಿದ್ಧ ಸಂಸ್ಥೆ ಅದನ್ನು ಪ್ರಕಟಿಸಿತು. ಅದರ ಕಲಾವಿದರ ಪಟ್ಟಿಯನ್ನು ಗಮನಿಸಬೇಕು. ಮಾರಿಯಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು, ರಾಮಮಣಿ ಹಾಡುಗಾರಿಕೆ ಮತ್ತು ತಂಬೂರಿ, ಮಣಿ ಮೃದಂಗ, ಆರ್. ಎ. ರಾಜಗೋಪಾಲ್ ಘಟ, ಮೋರ್ಚಿಂಗು, ಕೊನ್ನಕ್ಕೋಲು, ಟಿ. ಎನ್. ಶಶಿಕುಮಾರ್ ಖಂಜರಿ, ಕೊನ್ನಕ್ಕೋಲು. ಅಷ್ಟೆ. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಜಾಜಿನ ಡ್ರಮ್ಮು ಇಲ್ಲ. ಲಯದ ಭಾರವನ್ನೆಲ್ಲ ಬೆಂಗಳೂರಿನ ಕೈಗಳೇ ಹೊತ್ತಿವೆ. ಅಮೆರಿಕದ ಅತಿಥಿ ಒಬ್ಬರೇ. ಆತ ತಮ್ಮ ವಾದ್ಯವನ್ನು ಬಿಟ್ಟು ಬಂದಿಲ್ಲ, ಇವರು ತಮ್ಮ ತಾಳವನ್ನು ಸಡಿಲಿಸಿಲ್ಲ. ಮೃದಂಗದ ಮೇಲೆ ಪಾಶ್ಚಾತ್ಯ ಕುಣಿತದ ತಾಳವನ್ನು ಬಾರಿಸಿ ‘ಮಿಶ್ರ ಸಂಗೀತ’ವೆಂದು ಹೆಸರಿಡುವ ಸುಲಭದ ಹಾದಿಯನ್ನು ಇವರು ಹಿಡಿಯಲಿಲ್ಲ. ಎರಡು ಮನೋಧರ್ಮಗಳು ಒಂದೇ ಆವರ್ತನದೊಳಗೆ ಸಂಚರಿಸಿ ಒಂದೇ ಸಮಕ್ಕೆ ಬರುವುದನ್ನು ಅಲ್ಲಿ ಕೇಳಬಹುದು. 1947ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯೂಬಾದ ಕಾಂಗ ಮಾಡಿದ ಕೆಲಸವನ್ನು ಇಲ್ಲಿ ನಮ್ಮ ಮೃದಂಗ ಮಾಡಿತು.

ಇದು ಲಯದಿಂದಲೇ ಏಕೆ ಸಾಧ್ಯವಾಯಿತು? ಕಾರಣ ಸರಳವಾದದ್ದು. ರಾಗಕ್ಕೆ ಗಮಕ ಜೀವ. ಜಾಜಿಗೆ ಹಲವು ಸ್ವರಗಳು ಏಕಕಾಲದಲ್ಲಿ ನುಡಿಯುವ ಸ್ವರಮೇಳ ಜೀವ. ಒಂದು ಷಡ್ಜದ ಮೇಲೆ ನಿಂತದ್ದು ನಮ್ಮದು. ಹೆಜ್ಜೆಹೆಜ್ಜೆಗೂ ನೆಲೆ ಬದಲಿಸುವುದು ಅವರದು. ಇವೆರಡನ್ನೂ ಒಂದಾಗಿಸ ಹೊರಟರೆ ಬಹುವೇಳೆ ಎರಡೂ ಕೆಡುತ್ತವೆ. ಆದರೆ ಎಣಿಕೆಗೆ ದೇಶವಿಲ್ಲ. ಐದು ಹವಾನದಲ್ಲಿಯೂ ಐದೇ, ಬಸವನಗುಡಿಯಲ್ಲಿಯೂ ಐದೇ. ಏಳು ತಾಳಗಳಿಗೆ ಐದು ಜಾತಿಗಳನ್ನು ಹೊಂದಿಸಿ ಮೂವತ್ತೈದು ತಾಳಗಳನ್ನು ಕಟ್ಟಿ, ಅದರ ಮೇಲೆ ಗತಿಭೇದಗಳನ್ನು ಹೇಳಿದ ನಮ್ಮ ಲಯಶಾಸ್ತ್ರ, ಬೇರೆಯ ಜನರ ಲಯವನ್ನು ಅಳೆದು ಅರಿತು ಆದರಿಸಲು ತಕ್ಕ ಸಾಧನವಾಗಿದೆ. ಸಂಗೀತಗಳ ನಡುವಣ ಗೋಡೆಯಲ್ಲಿ ಬಾಗಿಲೆಂಬುದು ಇದ್ದರೆ ಅದು ಲಯದ ಕಡೆಗಿದೆ. ಆ ಬಾಗಿಲಿನ ಕೀಲಿಯನ್ನು ಹಿಡಿದವರನ್ನು ನಾವು ‘ಪಕ್ಕ’ದಲ್ಲಿ ಕೂರಿಸಿದ್ದೇವೆ.

ಬೆರಕೆಯಿಂದ ಸಂಪ್ರದಾಯ ಕೆಡುವುದಿಲ್ಲವೆ ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಕೆಟ್ಟ ಬೆರಕೆಗಳನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಇಂದು ನಮ್ಮ ಕಚೇರಿಯ ಬಲಗೈಯಂತಿರುವ ಪಿಟೀಲು ಯಾವ ನಾಡಿನದು? ಯೂರೋಪಿನಿಂದ ಬಂದ ಆ ವಾದ್ಯವನ್ನು ನಮ್ಮದಾಗಿಸಿಕೊಂಡದ್ದಲ್ಲದೆ, ಮೈಸೂರಿನ ಪಿಟೀಲು ಚೌಡಯ್ಯನವರು ಅದಕ್ಕೆ ಏಳು ತಂತಿಗಳ ಹೊಸ ರೂಪವನ್ನೇ ಕೊಟ್ಟರು. ನಾದಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಅದನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದರು. 2008ರಲ್ಲಿ, ಕನ್ನಡ ಮನೆತನದ ಅಮೆರಿಕನ್ ಜಾಜ್ ವಾದಕ ರುದ್ರೇಶ್ ಮಹಂತಪ್ಪನವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯಲ್ಲಿ ನುಡಿಸಿದರು. ಅಮೆರಿಕದವರೊಬ್ಬರು ಸ್ಯಾಕ್ಸೊಫೋನಿನಿಂದ ನಾದಸ್ವರಕ್ಕೆ ಬಂದರು. ನಮ್ಮವರೊಬ್ಬರು ನಾದಸ್ವರದ ಮನೆಯಿಂದ ಸ್ಯಾಕ್ಸೊಫೋನಿಗೆ ಹೋದರು. ಶಾಸ್ತ್ರವನ್ನು ಬಲ್ಲವನ ಕೈಯಲ್ಲಿ ಬೆರಕೆಯಿಂದ ಸಂಪ್ರದಾಯ ಕೆಡುವುದಿಲ್ಲ. ಬಲ್ಲವನಲ್ಲದವನ ಕೈಯಲ್ಲಿ ಬೆರಕೆಯಿಲ್ಲದೆಯೂ ಕೆಡುತ್ತದೆ.

ಎರಡನೆಯ ಆಕ್ಷೇಪ ನನ್ನದೇ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಜರ್ಮನಿಯಲ್ಲಿ ಮುದ್ರೆ ಬಿದ್ದ ಮೇಲೆ ಮಾತ್ರ ನಮ್ಮ ಮೃದಂಗವನ್ನು ನಾವು ಹೊಗಳುವುದಾದರೆ ಅದು ಹೊಗಳಿಕೆಯಲ್ಲ. ‘ಜ್ಯೋತಿ’ಯ ಹೆಸರು ಯೂರೋಪಿನ ಜಾಜ್ ಪ್ರಿಯರಿಗೆ ತಿಳಿದಿರುವಷ್ಟು ಬಸವನಗುಡಿಯ ಕಾಲೇಜು ವಿದ್ಯಾರ್ಥಿಗಳಿಗೆ ತಿಳಿದಿದೆಯೇ ಎಂದು ಕೇಳಿಕೊಳ್ಳಲು ನನಗೆ ಸಂಕೋಚವಾಗುತ್ತದೆ. ಹಾಗೆಯೇ ಆಫ್ರಿಕದ ಲಯವನ್ನು ಅರಸಿ ನಾವು ಹವಾನಕ್ಕೇ ಹೋಗಬೇಕಾಗಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಂಚಿನಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಗೋವೆಯ ಪೋರ್ಚುಗೀಸರೂ ಇತರರೂ ಆಫ್ರಿಕದಿಂದ ಕರೆತಂದ ಜನರ ಸಂತತಿಯವರು ಅವರು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಅವರ ಡಮಾಮಿ ಕುಣಿತಕ್ಕೆ ಡಮಾಮ ಎಂಬ ಡ್ರಮ್ಮೇ ಜೀವ. ಹಡಗಿನಲ್ಲಿ ಪಶ್ಚಿಮಕ್ಕೆ ಹೋದ ಡ್ರಮ್ಮು ಕಾಂಗವಾಗಿ ಲೋಕವಿಖ್ಯಾತವಾಯಿತು. ಪೂರ್ವಕ್ಕೆ ಬಂದು ಕನ್ನಡ ನೆಲದಲ್ಲಿ ಬೇರೂರಿದ ಅದರ ಸೋದರನನ್ನು ಕನ್ನಡಿಗರಾದ ನಾವೇ ಅರಿಯೆವು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮನ್ನಣೆ ದೊರೆತದ್ದೇ 2003ರಲ್ಲಿ.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡಲಾಗದು. ಲಯವಾದ್ಯವನ್ನು ಹಿಂದೆ ಕೂರಿಸಿದ್ದಕ್ಕೆ ಕಲೆಯ ಕಾರಣ ಮಾತ್ರವೇ ಇಲ್ಲ. ಡ್ರಮ್ಮೆಂದರೆ ಚರ್ಮ, ಚರ್ಮವೆಂದರೆ ನಮ್ಮ ಸಮಾಜದ ಮೇಲುಕೀಳಿನ ಏಣಿ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಿ ತಮಟೆಯ ದನಿಗೆ ಹೆಜ್ಜೆ ಹಾಕುವ ನಾವು, ತಮಟೆಯವನನ್ನು ವಿದ್ವಾಂಸನೆಂದು ಕರೆದದ್ದುಂಟೆ? ಸಭೆಯೊಳಗಿನ ಮೃದಂಗವೂ ಚರ್ಮವಿಲ್ಲದೆ ಆಗುವುದಿಲ್ಲ. ಹಲಸಿನ ಮರದ ಕಳಸಿಗೆಗೆ ಹಸು, ಆಡು, ಎಮ್ಮೆಗಳ ಚರ್ಮವನ್ನು ಹದಮಾಡಿ ಬಿಗಿದು, ಬಲದ ಮುಖಕ್ಕೆ ಕರಣೆಯನ್ನು ಪದರ ಪದರವಾಗಿ ತಿಕ್ಕಿ ಶ್ರುತಿ ಹುಟ್ಟಿಸುವ ಕೈಗಳು ಯಾರವೆಂದು ಸಭೆ ಕೇಳುವುದಿಲ್ಲ. 2020ರಲ್ಲಿ ಟಿ. ಎಂ. ಕೃಷ್ಣ ಅವರು ಮೃದಂಗ ತಯಾರಕರ ಮನೆತನಗಳ ಮೇಲೆ ಒಂದು ಪುಸ್ತಕವನ್ನೇ ಬರೆದ ಮೇಲೆ ಈ ಪ್ರಶ್ನೆಗೆ ಕಿವುಡರಾಗಿರುವುದು ಸಾಧ್ಯವಿಲ್ಲ. ಹೆಣ್ಣುಮಕ್ಕಳ ವಿಷಯವೂ ಹೀಗೆಯೇ. ಘಟ ಹೆಂಗಸರ ವಾದ್ಯವಲ್ಲವೆಂಬ ಮಾತನ್ನು ಸುಳ್ಳಾಗಿಸಿದ ಸುಕನ್ಯಾ ರಾಮಗೋಪಾಲ್ ಅವರು ನಮ್ಮ ಬೆಂಗಳೂರಿನಲ್ಲಿಯೇ ನೆಲೆಸಿ, ‘ಸ್ತ್ರೀ ತಾಳ್ ತರಂಗ್’ ಎಂಬ ಮಹಿಳೆಯರ ವೃಂದವನ್ನು ಕಟ್ಟಿದರು. ಲಯಕ್ಕೆ ಮರ್ಯಾದೆ ಬರುವುದೆಂದರೆ ಈ ಎಲ್ಲರಿಗೂ ಬರಬೇಕು.

ಹಾಗಾದರೆ ಆಗತಕ್ಕ ಕೆಲಸವೇನು? ನನಗೆ ತೋರಿದ ನಾಲ್ಕನ್ನು ಹೇಳುತ್ತೇನೆ. ಮೊದಲನೆಯದು ಶಾಲೆಗಳಿಗೆ ಸಂಬಂಧಪಟ್ಟದ್ದು. ಸೊಲ್ಲುಕಟ್ಟು ಕಲಿಯಲು ವಾದ್ಯ ಬೇಡ, ಹಣ ಬೇಡ. ಬಾಯಿ ಮತ್ತು ಎರಡು ಕೈ ಸಾಕು. ಮೇಲೆ ಹೇಳಿದ ಕ್ಲಾವೆಯನ್ನು ಉಪಾಧ್ಯಾಯರೊಬ್ಬರು ಹತ್ತು ನಿಮಿಷದಲ್ಲಿ ತರಗತಿಗೆ ಕಲಿಸಬಲ್ಲರು; ಆ ಹತ್ತು ನಿಮಿಷದಲ್ಲಿ ಗಣಿತವೂ ಭೂಗೋಳವೂ ಚರಿತ್ರೆಯೂ ಮಕ್ಕಳಿಗೆ ಒಟ್ಟಿಗೆ ದೊರೆಯುತ್ತವೆ. ಎರಡನೆಯದು ಸಭೆಗಳ ಹೊಣೆ. ಪಿಟೀಲಿನ ಆಕಾರದಲ್ಲಿ ಚೌಡಯ್ಯ ಸ್ಮಾರಕ ಭವನವನ್ನು ಕಟ್ಟಿಕೊಂಡ ಈ ಊರಿನಲ್ಲಿ, ಪ್ರತಿ ಸಂಗೀತೋತ್ಸವದಲ್ಲಿಯೂ ಒಂದು ಸಂಜೆಯನ್ನಾದರೂ ಲಯಕ್ಕೆಂದೇ ಮೀಸಲಿಡುವುದು ಹೆಚ್ಚಿನ ಬೇಡಿಕೆಯಲ್ಲ. ಅಂಥ ಸಂಜೆಗೆ ಮೃದಂಗದೊಡನೆ ಡೊಳ್ಳನ್ನೂ ಚೆಂಡೆಯನ್ನೂ ಡಮಾಮವನ್ನೂ ಕರೆಯಲಿ. ಕರೆದವರನ್ನು ಗಾಯಕರಿಗೆ ಹೊದಿಸುವ ಶಾಲಿನಿಂದಲೇ ಗೌರವಿಸಲಿ. ಮೂರನೆಯದು ವಿಮರ್ಶಕರದು. ಪಕ್ಕವಾದ್ಯದವರು ‘ಉತ್ತಮ ಸಹಕಾರ ನೀಡಿದರು’ ಎಂಬ ಒಂದು ಸಾಲಿನಲ್ಲಿ ಒಬ್ಬ ವಿದ್ವಾಂಸನ ಜೀವಮಾನದ ಸಾಧನೆಯನ್ನು ಮುಗಿಸುವ ಅಭ್ಯಾಸವನ್ನು ನಮ್ಮ ಪತ್ರಿಕೆಗಳು ಬಿಡಬೇಕು. ಯಾವ ಗತಿಯಲ್ಲಿ ನುಡಿಸಿದರು, ಕೋರ್ವೆಯ ಕಟ್ಟಡ ಹೇಗಿತ್ತು ಎಂದು ಬರೆಯುವಷ್ಟು ಲಯಜ್ಞಾನವನ್ನು ವಿಮರ್ಶಕ ಸಂಪಾದಿಸಬೇಕು. ನಾಲ್ಕನೆಯದು ಕೇಳುಗರಾದ ನಮ್ಮದು: ತನಿ ಮುಗಿಯುವವರೆಗೆ ಕುಳಿತಿರುವುದು.

ಮಣಿಯವರು ಇಂದು ನಮ್ಮೊಡನಿಲ್ಲ. ಅವರ ಸ್ಮರಣೆಗೆ ಪ್ರತಿಮೆ ಬೇಕೆಂದು ನಾನು ಕೇಳುವುದಿಲ್ಲ. ಲಯವನ್ನು ಪ್ರತಿಮೆ ಮ��ಡಿ ನಿಲ್ಲಿಸಲು ಬರುವುದಿಲ್ಲ. ಪರರ ಲಯವನ್ನು ಎಣಿಸಿ ತಿಳಿದು, ತನ್ನ ಲಯವನ್ನು ಬಿಡದೆ, ಇಬ್ಬರಿಗೂ ಒಪ್ಪಿತವಾದ ಸಮವೊಂದನ್ನು ಹುಡುಕುವುದು—ಇದು ಅವರು ನಮಗೆ ಬಿಟ್ಟುಹೋದ ಪಾಠ. ಹಲವು ಭಾಷೆಗಳ, ಹಲವು ಮತಗಳ, ಹಲವು ನಡಿಗೆಗಳ ಜನ ಒಂದೇ ಬೀದಿಯಲ್ಲಿ ಬಾಳಬೇಕಾಗಿರುವ ಈ ನಗರಕ್ಕೆ ಅದು ಸಂಗೀತದ ಪಾಠ ಮಾತ್ರವಲ್ಲ. ತಮ್ಮ ತಮ್ಮ ಗತಿಯಲ್ಲಿ ನಡೆಯುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿ; ಸಮ ಮಾತ್ರ ಒಂದಿರಲಿ.